ಕರೋಕೆಯಲ್ಲಿ ಹಳೆಯ ಹಾಡು: ಅವರ ಹದಿಹರೆಯ ಹುಡುಕಿ, ನಿಮ್ಮ ಶ್ರುತಿ ಇಳಿಸಿ

ಜಪಾನಿನ ಕಚೇರಿಗಳಲ್ಲಿ ಸಂಜೆಯ ಊಟ ಮುಗಿದ ಮೇಲೆ ‘ನಿಜಿಕಾಯಿ’ ಎಂಬ ಎರಡನೆಯ ಸುತ್ತಿನ ಕೂಟವಿರುತ್ತದೆ, ಅದು ಎಷ್ಟೋ ಸಲ ಕರೋಕೆ ಕೋಣೆಯಲ್ಲಿಯೇ ನಡೆಯುತ್ತದೆ. ಟೋಕಿಯೊ, ಯೊಕೊಹಾಮಾಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಅಲ್ಲಿ ತಮ್ಮ ಸರದಿ ಬಂದಾಗ ಪದೇಪದೇ ಒಂದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಎದುರಿಗೆ ಐವತ್ತರ ಆಸುಪಾಸಿನ ಹಿರಿಯ ಮಹಿಳಾ ಸಹೋದ್ಯೋಗಿಗಳು ಕುಳಿತಿರುತ್ತಾರೆ. ಹಳೆಯದೊಂದನ್ನು ಹಾಡಿದರೆ ಅವರಿಗೆ ಸಂತೋಷವಾದೀತೆಂದು ಇವರು ಸಕಾಮೊತೊ ಕ್ಯೂ ಅವರ ‘ಉಎ ಓ ಮುಯಿತೆ ಅರುಕೋ’ವನ್ನು ಆರಿಸುತ್ತಾರೆ. ಅದು 1961ರ ಹಾಡು, ಎದುರಿಗಿರುವ ಮಹಿಳೆ ಹುಟ್ಟಿದ್ದು 1975ರ ಸುಮಾರಿಗೆ. ಅದು ಅವರ ತಾಯಿಯ ಕಾಲದ್ದು. ಚಪ್ಪಾಳೆಯೇನೋ ಬೀಳುತ್ತದೆ, ಆದರೆ ಅದು ಬರಿಯ ಸೌಜನ್ಯದ ಚಪ್ಪಾಳೆ.

ಹೆಜ್ಜೆ 1: ವರ್ಷವನ್ನು ನಿಶ್ಚಯಿಸಿಕೊಳ್ಳಿ

ಕೇಳುವವರು ಹುಟ್ಟಿದ ವರ್ಷಕ್ಕೆ ಹದಿನಾರನ್ನು ಕೂಡಿಸಿದರೆ ಅವರ ಹದಿಹರೆಯ, ಅಂದರೆ ನೀವು ಹುಡುಕಬೇಕಾದ ಕಾಲ ಸಿಗುತ್ತದೆ. ಈಗ ಐವತ್ತೈದರ ಸುಮಾರಿನಲ್ಲಿರುವವರಿಗೆ ಅದು 1980ರ ದಶಕದ ನಡುಭಾಗ, ಐವತ್ತರವರಿಗೆ 1991ರ ಆಚೀಚೆ, ನಲವತ್ತೈದರವರಿಗೆ 1996ರ ಆಚೀಚೆ. ವಯಸ್ಸನ್ನು ಮಾತ್ರ ಬಾಯಿಬಿಟ್ಟು ಕೇಳಬಾರದು. ಪ್ರೌಢಶಾಲೆಯಲ್ಲಿದ್ದಾಗ ಯಾವ ಟಿವಿ ಧಾರಾವಾಹಿ ನೋಡುತ್ತಿದ್ದಿರಿ ಎಂದು ಊಟದ ಹೊತ್ತಿನಲ್ಲಿಯೇ ವಿಚಾರಿಸಿದರೆ ಸಾಕು, ಅಥವಾ ಅವರು ತಾವೇ ಮೊದಲು ಹಾಡುವ ಹಾಡು ಯಾವ ಕಾಲದ್ದೆಂದು ಗಮನಿಸಿದರೂ ಆಯಿತು. 1991ರಲ್ಲಿ ಫೂಜಿ ಟಿವಿಯ ಸೋಮವಾರ ರಾತ್ರಿ 9 ಗಂಟೆಯ ಧಾರಾವಾಹಿಗಳಿಂದಲೇ ಎರಡು ಮಹಾ ಹಾಡುಗಳು ಹೊರಬಂದವು: ‘ಟೋಕಿಯೊ ಲವ್ ಸ್ಟೋರಿ’ಗೆ ಓದಾ ಕಝುಮಾಸ ಹಾಡಿದ ‘ಲವ್ ಸ್ಟೋರಿ ವಾ ತೊತ್ಸುಝೆನ್ ನಿ’ ಮತ್ತು ‘101ನೆಯ ಪ್ರಪೋಸಲ್’ಗೆ ಚಾಗೆ ಮತ್ತು ಆಸ್ಕಾ ಜೋಡಿ ಹಾಡಿದ ‘ಸೇ ಯೆಸ್’. ಯಾರಾದರೂ ಈ ಧಾರಾವಾಹಿಗಳ ಹೆಸರು ಹೇಳಿದರೆ ನಿಮ್ಮ ವರ್ಷ ಸಿಕ್ಕಿತೆಂದೇ ತಿಳಿಯಿರಿ.

ಹೆಜ್ಜೆ 2: ಹಾಡನ್ನು ಆರಿಸಿ

ವರ್ಷ ಸಿಕ್ಕಿತೆಂದು ಆ ವರ್ಷದ ಅತ್ಯಂತ ಜನಪ್ರಿಯ ಹಾಡಿಗೇ ಕೈಹಾಕಬಾರದು. ಓದಾ ಅವರ ಧ್ವನಿ ಅಷ್ಟು ಎತ್ತರದಲ್ಲಿದೆಯೆಂದರೆ ಸಾಮಾನ್ಯ ಗಂಡು ಕಂಠ ಅಲ್ಲಿ ಕಿರುಚಬೇಕಾಗುತ್ತದೆ. ‘ಸೇ ಯೆಸ್’ ಹಾಡಿಗೆ ಎರಡು ದನಿಗಳ ಹೆಣಿಗೆ ಇಲ್ಲದಿದ್ದರೆ ಸೊಗಸಿಲ್ಲ. 1995ರ ‘ರಾಬಿನ್ಸನ್’ ಎಲ್ಲರೂ ಮೆಚ್ಚುವ ಹಾಡಾದರೂ ಅದರ ಪಲ್ಲವಿಯಲ್ಲಿ ಹೊಸಬರ ಗಂಟಲು ಕಟ್ಟುವುದು ಬಹುಮಟ್ಟಿಗೆ ಖಚಿತ.

ನನ್ನ ಸಲಹೆ ಸ್ಪಷ್ಟವಾಗಿದೆ. ಮೊದಲ ಬಾರಿ ಹಾಡುವವರು ಇನೊಉಎ ಯೋಸುಯಿ ಅವರ 1990ರ ‘ಶೋನೆನ್ ಜಿದಾಯಿ’ಯನ್ನು ಕಲಿಯಬೇಕು. ಅದರ ನಡೆ ನಿಧಾನ, ಪದಗಳು ಕಡಮೆ, ಶಾಲೆಯ ಸಂಗೀತ ಪಠ್ಯದಲ್ಲಿಯೂ ಬಂದಿರುವುದರಿಂದ ಯಾವ ವಯಸ್ಸಿನವರೂ ದನಿಗೂಡಿಸುತ್ತಾರೆ. ದಪ್ಪ ಕಂಠದವರಿಗೆ ತೆರಾಒ ಅಕಿರ ಅವರ 1981ರ ‘ರೂಬೀ ನೊ ಯುಬಿವಾ’ಕ್ಕಿಂತ ಒಳ್ಳೆಯದಿಲ್ಲ, ಐವತ್ತೈದು ದಾಟಿದವರು ಅದನ್ನು ಕೇಳುತ್ತಲೇ ತಲೆಯೆತ್ತುತ್ತಾರೆ. ನಲವತ್ತೈದರವರಿಗೆ ಫುಕುಯಾಮ ಮಸಹಾರು ಅವರ 2000ದ ‘ಸಕುರಾಝಕ’ ತುಸು ತಡವಾಗಿ ಬಂದ ಹಾಡಾದರೂ ತಗ್ಗು ಶ್ರುತಿಯ ಕಾರಣದಿಂದ ನಮಗೆ ಅನುಕೂಲ. ಒಝಾಕಿ ಯುತಾಕಾ ಅವರ ‘ಐ ಲವ್ ಯೂ’ ಹಾಡನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಆ ಗಾಯಕ 1992ರಲ್ಲಿ 26ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅತ್ತವರು ಕೋಣೆಯಲ್ಲಿಯೇ ಇರಬಹುದು. ಅರ್ಧಂಬರ್ಧ ಕಲಿತು ಹಾಡುವ ಹಾಡು ಅದಲ್ಲ. ಮತ್ಸುದಾ ಸೇಯಿಕೊ ಅವರಂಥ ಗಾಯಕಿಯರ ಹಾಡುಗಳನ್ನೂ ಬಿಟ್ಟುಬಿಡಿ, ಅವನ್ನು ಆ ಸಹೋದ್ಯೋಗಿ ಮಹಿಳೆಯರೇ ಹಾಡಬೇಕೆಂದುಕೊಂಡಿರುತ್ತಾರೆ.

ಸಾಹಿತ್ಯದ ಅರ್ಥವನ್ನು ಒಮ್ಮೆ ಓದಿಕೊಳ್ಳುವುದನ್ನು ಮರೆಯಬಾರದು. 1982ರ ‘ಸನ್ನೆನ್‌ಮೆ ನೊ ಉವಾಕಿ’ ಕುಣಿಸುವ ಯುಗಳಗೀತೆ ನಿಜ, ಆದರೆ ಅದರ ವಿಷಯ ಗಂಡನ ಪರಸ್ತ್ರೀ ಸಂಗ. ಸದರ್ನ್ ಆಲ್ ಸ್ಟಾರ್ಸ್ ತಂಡದ 2000ದ ‘ತ್ಸುನಾಮಿ’ ಒಂದು ಪ್ರೇಮಗೀತೆ. ಆದರೂ 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿ ದುರಂತದ ನಂತರ ಅದನ್ನು ಬಾನುಲಿಯಲ್ಲಿ ಹಾಕಲು ಹಿಂಜರಿದರು. ಆ ದುರಂತಕ್ಕೆ ತುತ್ತಾದ ಈಶಾನ್ಯದ ತೋಹೊಕು ಕಡೆಯವರಿರುವ ಕೂಟದಲ್ಲಿ ಅದೇ ತಂಡದ 1979ರ ‘ಇತೋಶಿ ನೊ ಎರೀ’ಯನ್ನು ಆರಿಸಿಕೊಳ್ಳಿ.

ಹೆಜ್ಜೆ 3: ಶ್ರುತಿ

ಎಲ್ಲರೂ ಕೆಡುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ಓದಿ. ಮನೆಯಲ್ಲಿ ಫೋನಿನ ಜೊತೆ ಗುನುಗುವಾಗ ನಾವು ನಮಗೆ ತಿಳಿಯದಂತೆ ಒಂದು ಸ್ಥಾಯಿ ಕೆಳಗೆ ಹಾಡಿಕೊಂಡಿರುತ್ತೇವೆ, ಎಲ್ಲವೂ ಸುಲಭವೆನಿಸುತ್ತದೆ. ಮೈಕಿನಲ್ಲಿ ಆ ತಗ್ಗಿನ ದನಿ ಕೇಳಿಸುವುದೇ ಇಲ್ಲ. ಗಾಬರಿಯಿಂದ ಮೇಲಿನ ಸ್ಥಾಯಿಗೆ ಹಾರಿದರೆ ಪಲ್ಲವಿ ಒಡೆಯುತ್ತದೆ.

ಇದಕ್ಕೆ ಪರಿಹಾರವೆಂದರೆ ಕೆಲಸದ ದಿನದ ಮಧ್ಯಾಹ್ನ, ಬಾಡಿಗೆ ಕಡಮೆಯಿರುವಾಗ, ಒಬ್ಬರೇ ಒಂದು ಗಂಟೆ ಕೋಣೆ ಹಿಡಿಯುವುದು. ಒಬ್ಬರೇ ಹೋಗಿ ಹಾಡುವುದಕ್ಕೆ ಅಲ್ಲಿ ‘ಹಿತೊಕರಾ’ ಎನ್ನುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಹಾಡು ಶುರುವಾದ ಕೂಡಲೇ ಯಂತ್ರದ ಮೂಲ ಶ್ರುತಿಯ ಗುಂಡಿಯನ್ನು ಒತ್ತಿ, ಏಕೆಂದರೆ ಯಂತ್ರ ತಾನಾಗಿ ಕೊಡುವ ಶ್ರುತಿ ಗಾಯಕ ಹಾಡಿದ ಶ್ರುತಿಯೇ ಆಗಿರಬೇಕೆಂದಿಲ್ಲ. ಡ್ಯಾಮ್ ಎಂಬ ಬ್ರಾಂಡಿನ ಯಂತ್ರಕ್ಕೂ ಜಾಯ್‌ಸೌಂಡ್ ಬ್ರಾಂಡಿನ ಯಂತ್ರಕ್ಕೂ ಅದರಲ್ಲಿ ವ್ಯತ್ಯಾಸವಿರಬಹುದು. ಅಲ್ಲಿಂದ ಎಣಿಕೆ ಶುರುವಾಗಲಿ. ಕೀ ಇಳಿಸುವ ಗುಂಡಿಯ ಒಂದೊಂದು ಒತ್ತಿಗೂ ಶ್ರುತಿ ಅರ್ಧ ಸ್ವರದಷ್ಟು ಕೆಳಗಿಳಿಯುತ್ತದೆ. ಮೊದಲ ಸಾಲುಗಳನ್ನು ಬಿಟ್ಟು ಜಪಾನಿನವರು ‘ಸಾಬಿ’ ಎನ್ನುವ ಪಲ್ಲವಿಯನ್ನಷ್ಟೇ ಪೂರ್ತಿ ಕಂಠದಲ್ಲಿ ಹಾಡಿ. ಗದ್ದ ಮೇಲೇರುತ್ತಿದ್ದರೆ, ಕೊರಳಿನ ನರ ಬಿಗಿಯುತ್ತಿದ್ದರೆ ಇನ್ನೊಂದು ಒತ್ತು ಇಳಿಸಿ. ಅತ್ಯಂತ ಎತ್ತರದ ಸ್ವರವನ್ನು ಮೂರು ಬಾರಿ ಬೆನ್ನುಬೆನ್ನಿಗೆ, ಗದ್ದ ಎತ್ತದೆ ಹಿಡಿಯಲು ಬಂದಾಗ ನಿಲ್ಲಿಸಿ.

ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಶ್ರುತಿಯಲ್ಲಿ ಹಾಡನ್ನು ಮೊದಲಿನಿಂದ ಹಾಕಿ ಆರಂಭದ ಸಾಲುಗಳನ್ನು ಹಾಡಬೇಕು. ಕೆಳಗಿನ ಸ್ವರಗಳು ಬರಿಯ ಉಸಿರಾಗಿ ಹೋದರೆ ಒಂದು ಒತ್ತು ಏರಿಸಿ ಮತ್ತೆ ಪಲ್ಲವಿಗೆ ಬನ್ನಿ. ಮೇಲಿನದೂ ಕೆಳಗಿನದೂ ಒಟ್ಟಿಗೆ ಸಿಗುವ ಶ್ರುತಿ ಯಾವುದೂ ಇಲ್ಲದಿದ್ದರೆ ಆ ಹಾಡಿನ ಹರವು ನಿಮ್ಮ ಕಂಠಕ್ಕಿಂತ ದೊಡ್ಡದು. ಎಷ್ಟೇ ಪ್ರೀತಿಯ ಹಾಡಾದರೂ ಅದನ್ನು ಕೈಬಿಟ್ಟು ಬೇರೆಯದನ್ನು ಹುಡುಕಿ. ಸಿಕ್ಕಿದರೆ ಮೂಲ ಶ್ರುತಿಯಿಂದ ಎಷ್ಟು ಇಳಿಸಿದಿರೆಂಬುದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕೂಟದ ದಿನ ಹಾಡನ್ನು ಕಾಯ್ದಿರಿಸುವಾಗಲೇ ಶ್ರುತಿಯನ್ನು ಹೊಂದಿಸಿಬಿಟ್ಟರೆ ಎಲ್ಲರೆದುರು ಗುಂಡಿ ಒತ್ತುತ್ತ ತಡಕಾಡುವ ಪ್ರಮೇಯವಿರುವುದಿಲ್ಲ. ಶ್ರುತಿ ಇಳಿಸುವುದು ಸೋಲೆಂದು ಹಟ ಹಿಡಿಯುವವರಿದ್ದಾರೆ. ಕೇಳುವವರಿಗೆ ಬೇಕಿರುವುದು ಆ ಹಾಡು ಹಾಯಾಗಿ ಸಾಗುವುದು, ಮೂಲ ಗಾಯಕನ ಎತ್ತರವಲ್ಲ.

ಅಂದ ಹಾಗೆ, ಸ್ಪೀಕರನ್ನೂ ಒಳಗೊಂಡ ಅಗ್ಗದ ಬ್ಲೂಟೂತ್ ಮೈಕುಗಳನ್ನು ಅಭ್ಯಾಸಕ್ಕೆಂದು ಕೊಳ್ಳಬೇಡಿ. ಅವುಗಳ ಪ್ರತಿಧ್ವನಿ ಅಪಸ್ವರವನ್ನೆಲ್ಲ ಮುಚ್ಚಿಬಿಡುತ್ತದೆ, ನೀವು ಕಲಿತಿರುವುದು ತಪ್ಪೆಂದು ಕೂಟದ ದಿನವೇ ತಿಳಿಯುತ್ತದೆ.

ಹೆಜ್ಜೆ 4: ಸಾಹಿತ್ಯವನ್ನು ಕನ್ನಡದಲ್ಲಿ ಬರೆದುಕೊಳ್ಳಿ

ಅಂತರ್ಜಾಲದ ರೋಮನ್ ಲಿಪಿಯ ಪಾಠಗಳಲ್ಲಿ ಎಷ್ಟೋ ಕಡೆ ದೀರ್ಘಗಳು ಬಿಟ್ಟುಹೋಗಿರುತ್ತವೆ. ಹ್ರಸ್ವ, ದೀರ್ಘ, ಒತ್ತಕ್ಷರ ಮೂರನ್ನೂ ಖಚಿತವಾಗಿ ತೋರಿಸುವ ನಮ್ಮ ಲಿಪಿಯಲ್ಲಿ, ಮೂಲವನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳಿ. ಪರದೆಯ ಮೇಲೆ ಕಾಂಜಿಗಳ, ಅಂದರೆ ಚೀನೀ ಮೂಲದ ಅಕ್ಷರಗಳ, ನೆತ್ತಿಯಲ್ಲಿ ಉಚ್ಚಾರ ತೋರಿಸುವ ಹಿರಗಾನ ಲಿಪಿ ಬರುತ್ತದೆ. ಅದನ್ನು ಓದಲು ಬಂದರೆ ಇನ್ನೂ ಒಳ್ಳೆಯದು.

ಹೆಜ್ಜೆ 5: ಕೋಣೆಯಲ್ಲಿ

ಅಂಕ ನೀಡುವ ವ್ಯವಸ್ಥೆಯನ್ನು ಆಫ್ ಮಾಡಿಡಿ, ಒಂದು ಹಾಡು ಮುಗಿದ ಕೂಡಲೇ ಮೈಕನ್ನು ಪಕ್ಕದವರಿಗೆ ಕೊಡಿ. ಹಾಡುವಾಗ ಒಬ್ಬರನ್ನೇ ದಿಟ್ಟಿಸಬಾರದು; ಪರದೆಯನ್ನೂ ಇಡೀ ಕೋಣೆಯನ್ನೂ ನೋಡುತ್ತಿರಬೇಕು. ನಿಮ್ಮ ಹಾಡು ಮುಟ್ಟಿದ್ದರೆ ಯುಗಳಗೀತೆಗೆ ಕರೆ ಅವರಿಂದಲೇ ಬರುತ್ತದೆ. ಅದಕ್ಕೆಂದು 1987ರ ‘ಲೋನ್ಲಿ ಚಾಪ್ಲಿನ್’ ಹಾಡಿನ ಗಂಡು ದನಿಯ ಭಾಗವನ್ನು ಮೊದಲೇ ಕಲಿತಿಡಿ. ಸುಝುಕಿ ಮಸಯುಕಿ ತಮ್ಮ ಅಕ್ಕನೊಡನೆ ಹಾಡಿದ ಹಾಡು ಅದು, ಐವತ್ತರವರಿಗೆಲ್ಲ ಬಾಯಿಪಾಠ. ಆಗ ಮಾತ್ರ ಕೀ ಗುಂಡಿಗೆ ಕೈ ಹಾಕಬೇಡಿ. ನೀವು ಇಳಿಸಿದಷ್ಟೂ ಅವರ ದನಿಯೂ ಇಳಿಯಬೇಕಾಗುತ್ತದೆ. ಆದ್ದರಿಂದ ಯಾವ ಶ್ರುತಿ ಬೇಕೆಂದು ಅವರನ್ನೇ ಕೇಳಿ, ಅವರು ಹೇಳಿದ್ದಕ್ಕೆ ಹೊಂದಿಕೊಂಡು ಹಾಡಿ.