ಬಚ್ಚಲ ಒಲೆ: ಹಂಡೆ ಸುತ್ತ ಒಂದೇ ಬೆರಳು ಜಾಗ

ಶಿರಸಿ, ಸಿದ್ದಾಪುರದ ಕಡೆ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಒಲೆ ಆರಿಲ್ಲ. ಕಟ್ಟಿಗೆ ಸಾಲುವುದಿಲ್ಲ ಎಂಬ ದೂರೂ ನಿಂತಿಲ್ಲ. ಹೆಚ್ಚಿನವರು ಮಾಡುವ ತಪ್ಪು ಒಂದೇ: ಅಗಲವಾದ ಗೂಡು ಕಟ್ಟಿ ನಡುವೆ ಹಂಡೆ ಕೂರಿಸುವುದು. ಬೆಂಕಿ ಹಂಡೆಯನ್ನು ಸರಿಯಾಗಿ ತಾಗದೆ ಸೀದಾ ಹೊಗೆ ಕೊಳವೆಗೆ ಓಡುತ್ತದೆ.

ಮೊದಲು ಹಂಡೆಯ ಹೊರಮೈ ಕೆರೆದು ಮಸಿ ತೆಗೆಯಿರಿ. ದಪ್ಪ ಮಸಿ ಶಾಖವನ್ನು ತಡೆಯುತ್ತದೆ.

ಒಲೆಯ ತಳಕ್ಕೆ ಜಾಲರಿ ಬೇಕೇಬೇಕು. ಗಾಳಿ ಅಡಿಯಿಂದ ಬರಬೇಕು, ಬೂದಿ ಅಡಿಗೆ ಬೀಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆ ಉಳಿಸಲೆಂದು ರೂಪಿಸಿದ ಅಸ್ತ್ರ ಒಲೆಯಲ್ಲೂ ಜಾಲರಿ ಇದೆ. ಸಂತೆಯಲ್ಲಿ ಸಿಗುವ ತೆಳು ತಗಡಿನದು ಬೇಡ, ಬೇಗ ಬಾಗಿ ಹೋಗುತ್ತದೆ. ಬೀಡು ಕಬ್ಬಿಣದ್ದೇ ತನ್ನಿ. ಜಾಲರಿಯಿಂದ ಹಂಡೆಯ ಬುಡಕ್ಕೆ ಒಂದು ಗೇಣು ಅಂತರ ಸಾಕು.

ಇನ್ನು ಅಸಲಿ ಕೆಲಸ. ಮೂರು ಗುಬ್ಬಿಗಳ (ಹಂಡೆ ಕೂರಲು ಮಾಡಿದ ಉಬ್ಬುಗಳ) ಮೇಲೆ ಹಂಡೆ ಇಡಿ. ಹೊಟ್ಟೆಯ ಅತಿ ಅಗಲವಾದ ಜಾಗದವರೆಗೆ ಬೆರಳು ದಪ್ಪದ ಹುಲ್ಲಿನ ಹಗ್ಗ ಸುತ್ತಿ. ಅದಕ್ಕೆ ಒತ್ತಿ ಮಣ್ಣು ಮೆತ್ತಿ: ಹುತ್ತದ ಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಸಗಣಿ. ಸಿಮೆಂಟ್ ಹಾಕಿದರೆ ಬೆಂಕಿಗೆ ಬಿರುಕು ಬಿಡುತ್ತದೆ, ಗಾರೆಯವರು ಏನೇ ಹೇಳಲಿ. ಅಗಲದ ಜಾಗಕ್ಕಿಂತ ಮೇಲೆ ಮಣ್ಣು ಏರಿಸಬೇಡಿ, ಹಂಡೆ ಹೊರಗೆ ಬರುವುದೇ ಇಲ್ಲ! ಮಣ್ಣು ಅರೆ ಒಣಗಿದಾಗ ಮೆಲ್ಲಗೆ ತಿರುಗಿಸುತ್ತ ಹಂಡೆ ಎತ್ತಿ, ಹಗ್ಗ ಬಿಚ್ಚಿ. ಉಳಿದ ಸಂದಿಯಲ್ಲೇ ಬೆಂಕಿ ಹಂಡೆಯನ್ನು ಸುತ್ತಿಕೊಂಡು ಏರುತ್ತದೆ.

ಹೊಗೆ ತೂತು ಒಲೆ ಬಾಯಿಯ ಎದುರಿಗೆ, ಮೇಲ್ಗಡೆ ಇರಲಿ. ತಳದಲ್ಲಿಟ್ಟರೆ ಎಲ್ಲ ವ್ಯರ್ಥ. ಹಂಡೆ ಮತ್ತೆ ಕೂರಿಸಿ, ತೂತಿಗಿಂತ ಮೇಲಿರುವ ಸಂದಿಯನ್ನು ಮಾತ್ರ ಸುತ್ತಲೂ ಮಣ್ಣಿನಿಂದ ಮುಚ್ಚಿ. ನಾಲ್ಕು ದಿನ ಒಣಗಲಿ. ಆಮೇಲೆ ಹಂಡೆಗೆ ನೀರು ತುಂಬಿ, ಒಣ ದರಕು (ಉದುರಿದ ಎಲೆ) ಉರಿಸಿ ನೋಡಿ. ಬಾಯಿಯಿಂದ ಹೊಗೆ ವಾಪಸ್ ಬಂದರೆ ಸಂದಿ ಕಿರಿದಾಗಿದೆ, ಸ್ವಲ್ಪ ಕೆರೆಯಿರಿ.

ಕೊಳವೆ ಹಂಚಿನ ಮೇಲೆ ಎರಡಡಿಯಾದರೂ ಏರಲಿ, ರೀಪಿಗೆ ತಾಗದಿರಲಿ. ಆಸ್ಬೆಸ್ಟಸ್ ಪೈಪು ಅಗ್ಗ ಅಂತ ತರಬೇಡಿ, ಅದರ ನಾರು ಶ್ವಾಸಕೋಶಕ್ಕೆ ಕೆಟ್ಟದ್ದು.

ಒಲೆ ಎಷ್ಟೇ ಚೆನ್ನಾಗಿದ್ದರೂ ಹಸಿ ಕಟ್ಟಿಗೆ ಹಾಕಿದರೆ ಸುಮ್ನೆ. ಹೊಸದಾಗಿ ಕಡಿದ ಕಟ್ಟಿಗೆಯಲ್ಲಿ ಅರ್ಧದಷ್ಟು ತೂಕ ನೀರಿನದೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಕಸುವು ಹೋಗುತ್ತದೆ. ಕೈಮಣಿಕಟ್ಟಿನ ದಪ್ಪಕ್ಕೆ ಸೀಳಿ, ಬೇಸಿಗೆಯಲ್ಲೇ ಸೂರಿನಡಿ ಒಟ್ಟಿಡಿ. ಅಡಿಕೆ ಸೋಗೆ, ಕರಟ ಹೊತ್ತಿಸಲು ಚೆಂದ. ಹಂಡೆಗೆ ಮುಚ್ಚಳ ಮರೆಯಬೇಡಿ. ಬೂದಿ ದಿನಾ ತೆಗೆಯಿರಿ. ಕೊಳವೆಯ ಮಸಿಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಉದುರಿಸಿ.