ಸಿಂಡ್ರೆಲಾನ್ನ ಖಾನಾವಳಿಗೆ ತಂದ ಮ್ಯಾಲೆ ಓದಿದವ್ರು ಏನಂದ್ರು

ಕಾದಂಬರಿ ಬರಿಯೂದು ಒಂದು ತೂಕ, ಓದಿದವ್ರ ಬಾಯಿಂದ ಖರೇ ಮಾತು ಹೊರಡಸೂದು ಇನ್ನೊಂದು ತೂಕ ನೋಡ್ರಿ. ನಾ ಸಿಂಡ್ರೆಲಾ ಕಥಿನ್ನ ಧಾರವಾಡಕ್ಕ ತಂದು ಬರದಿದ್ದೆ, ಮಲತಾಯಿದು ಸಪ್ತಾಪುರದಾಗ ರೊಟ್ಟಿ ಖಾನಾವಳಿ, ಗಾಜಿನ ಶೂ ಬದ್ಲಿ ಒಂದು ಕಾಲ್ಮರಿ, ರಾತ್ರಿ ಹನ್ನೆರಡರ ಗಂಟಿ ಬದ್ಲಿ ಹುಬ್ಬಳ್ಳಿಂದ ಬರೂ ಕಡೀ ಚಿಗರಿ ಬಸ್ಸು. ಮೊದಲ ಪಿಡಿಎಫ್ ಮಾಡಿ ವಾಟ್ಸಾಪ್‌ನ್ಯಾಗ ಇಪ್ಪತ್ತು ಮಂದಿಗೆ ಕಳಿಸಿದೆ, ಎಲ್ಲಾರೂ "ಭಾಳ ಛಲೋ ಐತ್ರಿ ಸರ್" ಅಂತ ಕೈ ಮುಗದ ಇಮೋಜಿ ಹಾಕಿದ್ರು, ಅದ್ರಾಗ ಅರ್ಧಾ ಮಂದಿ ಫೈಲ್ ತಗದೂ ನೋಡಿರಲಿಲ್ಲ ಅಂತ ಆಮ್ಯಾಲೆ ಗೊತ್ತಾತು.

ಆವಾಗ ಎಂಟು ಪ್ರತಿ ಝರಾಕ್ಸ್ ತಗಸಿ, ಸ್ಪೈರಲ್ ಹಾಕಿಸಿ, ಒಂದೊಂದಕ್ಕ ಒಂದೊಂದು ಪೆನ್ಸಿಲ್ ಕಟ್ಟಿ ಕೊಟ್ಟೆ. ಹ್ಯಾಂಗ ಐತಿ ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಎಲ್ಲೆ ಓದೂದು ಬಿಟ್ಟು ಚಾ ಮಾಡಾಕ ಎದ್ರಿ ಅಲ್ಲೆ ಒಂದು ಗೀಟು, ಎಲ್ಲೆ ಸಿಟ್ಟು ಬಂತು ಅಲ್ಲೆ ಎರಡು ಗೀಟು, ಇಷ್ಟ. ಐದು ಪ್ರತಿಯೊಳಗ ಚಾ ಗೀಟು ಒಂದ ಕಡೆ ಬಿದ್ದಿತ್ತು, ನಾ ಹೆಮ್ಮಿಲೆ ಸಾಧನಕೇರಿ ಮಳಿ ವರ್ಣನಾ ಮಾಡಿದ್ದೆಲ್ಲ, ಅಲ್ಲೆ. ಬೇಂದ್ರೆ ಅಜ್ಜಾರ ಓಣ್ಯಾಗ ನಿಂತು ಮಳಿ ಬಗ್ಗೆ ಬರ್ಯಾಕ ಹೋಗಿದ್ದ ತಪ್ಪು, ತಗದು ಒಗದೆ.

ಸಿಟ್ಟಿನ ಗೀಟು ಬ್ಯಾರೆ ಬ್ಯಾರೆ ಕಡೆ ಇದ್ದುವು. ಕಾಲ್ಮರಿ ಹಿಡಸಲಿ ಅಂತ ಅಕ್ಕ ಬೆರಳು ಕತ್ತರಸ್ಕೋತಾಳಲ್ಲ, ಅದನ್ನ ನಾನ ಹುಟ್ಟಿಸೀನಿ ಅಂತ ನಾಕು ಮಂದಿ ಜಗಳಕ್ಕ ಬಂದ್ರು. ಅದು 1812ರ, ಜರ್ಮನಿಯ ಗ್ರಿಮ್ ಅಣ್ಣತಮ್ಮರ ಕಥಿ ಪುಸ್ತಕದಾಗ ಐತ್ರಿ, ಒಬ್ಬಾಕಿ ಬೆರಳು ಕೊಯ್ಕೋತಾಳ, ಇನ್ನೊಬ್ಬಾಕಿ ಹಿಮ್ಮಡ. ಆದ್ರ ನಮ್ಮ ಮಂದಿ ತಲ್ಯಾಗ ಕೂತದ್ದು ಕಾರ್ಟೂನಿನ್ಯಾಗ ನೋಡಿದ್ದು, ಕುಂಬಳಕಾಯಿ ಸಾರೋಟು, ಗಾಜಿನ ಶೂ, ಅವೆಲ್ಲಾ 1697ರಾಗ ಫ್ರಾನ್ಸಿನ ಪೆರೋ ಬರದದ್ದು. ವಾದಾ ಮಾಡಲಿಲ್ಲ ನಾ. ಬೆರಳು ಕತ್ತರಸ್ಕೊಳ್ಳೂ ಅದ ಈಳಗಿಲೆ ಆ ಅಕ್ಕ ಎರಡು ಅಧ್ಯಾಯ ಹಿಂದ ಉಳ್ಳಾಗಡ್ಡಿ ಹೆಚ್ಚೂದು ಹಾಕಿದೆ, ಮುಂದಿನ ಸುತ್ತಿನ್ಯಾಗ ಒಬ್ರೂ ತಕರಾರು ತಗೀಲಿಲ್ಲ.

ಖಾನಾವಳಿ ನಡಸೂ ಒಬ್ಬ ಅವ್ವಾರಿಗೆ ಕೂತು ಓದಿ ಹೇಳಿದೆ. ಹುಡಿಗಿನ್ನ ಎಲ್ಲಾರೂ 'ಬೂದವ್ವ' ಅಂತ ಕಾಡಸ್ತಾರ ಅನ್ನೂದ್ರಾಗ ತಡದ್ರು: "ತಮ್ಮಾ, ದಿನಾ ಮುನ್ನೂರು ರೊಟ್ಟಿ ಬಡಿಯಾಕಿ ಮೈಗೆ ಬೂದಿ ಎಲ್ಲೆ ಹತ್ತತೈತೋ, ಮೊಣಕೈ ಮಟಾ ಜ್ವಾಳದ ಹಿಟ್ಟು ಹತ್ತತೈತಿ. ಹಂಚಿನ ಮ್ಯಾಲೆ ನೀರ ಅರಬಿ ಒತ್ತಿ ಒತ್ತಿ ಬೆರಳ ತುದಿ ಹೆಂಗಾಗ್ಯಾವ ನೋಡಿಲ್ಲೆ" ಅಂತ ಕೈ ಮುಂದ ಮಾಡಿದ್ರು. ಬೂದವ್ವ ಹೋಗಿ ಹಿಟ್ಟವ್ವ ಆದ್ಲು. ಹಂಚು ಅಂದಕೂಡ್ಲೆ ನನಗ ಹಂಚಿ ಕಥಿ ನೆನಪಾತು, ಮಣ್ಣಿನ ಮುಖವಾಡ ಹಾಕ್ಕೊಂಡು ಸಾವ್ಕಾರನ ಮನ್ಯಾಗ ದುಡಿಯೂ ಹುಡಿಗಿದು, ಎ.ಕೆ. ರಾಮಾನುಜನ್ ಅದನ್ನ ಕನ್ನಡದ ಸಿಂಡ್ರೆಲಾ ಅಂತ ಜಗತ್ತಿಗೆ ತೋರಿಸಿದ್ರು. ಮನ್ಯಾಗ ಹಂಚಿ ಇಟ್ಕೊಂಡು ನಾ ಗ್ರಿಮ್ ಕಡೆ ಹೋಗಿದ್ದೆ.

ನನ್ನ ನಿದ್ದಿ ಕೆಡಿಸಿದ್ದು ಮಾತ್ರ ನಮ್ಮ ಓಣ್ಯಾಗಿನ ರಿಟೈರ್ ಆದ ಅಕ್ಕೋರ ಪ್ರತಿ. ಮೊದಲನೇ ಪುಟದಾಗ 'ಮಲತಾಯಿ' ಅನ್ನೂ ಶಬ್ದದ ಕೆಳಗ ಎರಡು ಗೀಟು, ಮುಂದ ಎಲ್ಲಾ ಖಾಲಿ. ಓದಲಿಲ್ಲೇನ್ರಿ ಅಂದ್ರ, "ಪೂರಾ ಓದಿದೆ, ಗೀಟು ಹಾಕಾಕ ಹತ್ತಿದ್ರ ನಿಮ್ಮ ಪೆನ್ಸಿಲ್ ಸಾಲ್ತಿರಲಿಲ್ಲ. ನಾನೂ ಎರಡನೇ ಸಂಬಂಧಕ್ಕ ಬಂದಾಕಿ. ನಾಕು ವರ್ಷದ ಕೂಸಿಗೆ ಕೈತುತ್ತು ಹಾಕಿ ಬೆಳಸೀನಿ, ಅಕಿ ಮದವಿ ಫೋಟೋದಾಗ ನಾ ಮೂಲ್ಯಾಗ ನಿಂತೀನಿ" ಅಂದ್ರು.

ಏನ್ ಹೇಳೂದ್ರಿ ಇದಕ್ಕ. ಗ್ರಿಮ್ ಪುಸ್ತಕದಾಗ ಸ್ನೋ ವೈಟ್‌ನ ಕೊಲ್ಲಾಕ ಹೇಳಾಕಿ 1812ರಾಗ ಹಡದವ್ವನ ಇದ್ಲು, 1819ರ ಮುದ್ರಣದಾಗ ಆಕಿನ್ನ ಮಲತಾಯಿ ಮಾಡಿದ್ರು. ಇದು ನನಗ ಗೊತ್ತಿತ್ತು, ಭಾಷಣದಾಗೂ ಹೇಳಿದ್ದೆ, ಆದ್ರ ಬರಿಯೂ ಮುಂದ ನಾನೂ ಅದ ಹಾದಿ ಹಿಡದಿದ್ದೆ. ಮೂರು ಅಧ್ಯಾಯ ಮತ್ತ ಬರದೆ. ಆಕಿನ್ನ ಒಳ್ಳ್ಯಾಕಿ ಮಾಡಲಿಲ್ಲ, ಬಿರಸು ಹಂಗ ಐತಿ, ಆದ್ರ ಈಗ ಹುಡಿಗಿ ಆಕಿನ್ನ 'ಚಿಗವ್ವ' ಅಂತಾಳ, ಮತ್ತ ಒಂದು ಪೂರಾ ರಾತ್ರಿ ಖಾನಾವಳಿ ಉದ್ರಿ ಲೆಕ್ಕದ ವಹಿ ಹಿಡಕೊಂಡು ಚಿಗವ್ವ ಒಬ್ಬಾಕಿನ ಕೂತದ್ದು ಬಂದೈತಿ.

ಹೋದ ಐತವಾರ ಹೊಸಾ ಪ್ರತಿ ಅಕ್ಕೋರಿಗೆ ಕೊಡಾಕ ಹೋದೆ. ಬಾಗಲದಾಗ ನಿಂತ ತಗೊಂಡು ತಿರುವಿ ಹಾಕಿ, "ಪೆನ್ಸಿಲ್ ಎಲ್ಲೆ? ಹಳೇದು ಮೊಮ್ಮಗಳು ಒಯ್ದಾಳ" ಅಂದ್ರು.