ಪಲ್ಟಿ ಹೊಡೆಯುವ ಬುಗುರಿಯೂ ನನ್ನ ಶನಿವಾರಗಳೂ

ಶನಿವಾರ ಮಧ್ಯಾಹ್ನದ ಮೇಲೆ ನಾನು ಆರ್ಡರ್ ಕೆಲಸ ಮುಟ್ಟುವುದಿಲ್ಲ. ನಕ್ಷೆ ಇಲ್ಲ, ಅಳತೆ ಇಲ್ಲ. ಮಿಕ್ಕ ಹಾಲೆ ಮರದ ತುಂಡನ್ನು, ಮರ ತಿರುಗಿಸಿ ಕಡೆಯುವ ಲೇತಿಗೆ ಹಾಕುತ್ತೇನೆ, ಉಳಿ ಹೋದ ಕಡೆ ಕೈ ಹೋಗುತ್ತದೆ. ಚನ್ನಪಟ್ಟಣದಲ್ಲಿ ಪೀಸ್ ಲೆಕ್ಕಕ್ಕೆ ದುಡಿಯುವವರಿಗೆ ಇದು ಹುಚ್ಚಾಟ. "ಅಷ್ಟೊತ್ತಿಗೆ 200 ಮಣಿ ಇಳಿಸಬಹುದಿತ್ತಲ್ಲೋ" ಅಂತ ನಮ್ಮ ಉಸ್ತಾದರೇ ನಕ್ಕಿದ್ದರು.

ಮೊದಲ ವರ್ಷ ಬರೀ ನಷ್ಟ. ವಾರಕ್ಕೆ 300-400 ರೂಪಾಯಿ ಕೂಲಿ ಹೋಯಿತು, ಅರಗು, ಬಣ್ಣದ ಖರ್ಚು ಬೇರೆ. ತಿರುಗುವ ಮರಕ್ಕೆ ಎರಡು ಬಣ್ಣದ ಅರಗಿನ ಕಡ್ಡಿ ಒಟ್ಟಿಗೆ ಒತ್ತಿದರೆ ಪಟ್ಟೆ ಬರುತ್ತದೆ ಅಂದುಕೊಂಡೆ. ಕೆಂಪು, ಹಸಿರು ಕಲಸಿಕೊಂಡು ಸಗಣಿ ಬಣ್ಣ ಬಂತು. ಈಗ ಪಟ್ಟೆ ಚೆನ್ನಾಗಿಯೇ ಬರುತ್ತದೆ, ಹೇಗೆ ಅಂತ ಮಾತ್ರ ಕೇಳಬೇಡಿ. ಹಸಿ ತುಂಡಿನ ಬಟ್ಟಲುಗಳು ವಾರದೊಳಗೆ ಸೀಳು ಬಿಟ್ಟವು. ಅರಿಶಿನದ ಅರಗು ಹಚ್ಚಿದ ಮಣಿಗಳನ್ನು ಸುಮ್ನೆ ಕಿಟಕಿಯಲ್ಲಿಟ್ಟು ನೋಡಿದೆ, ಬಿಸಿಲಿಗೆ ಬಿಳಚಿಕೊಂಡವು.

ಹೀಗೆ ಆಡುತ್ತಿದ್ದಾಗ ಒಂದು ಮರದ ಗುಂಡಿನ ತಲೆ ಕತ್ತರಿಸಿ, ಒಳಗೆ ಕೊರೆದು, ನಡುವೆ ಕಡ್ಡಿ ಉಳಿಸಿದೆ. ತಿರುಗಿಸಿದರೆ ವಾಲಿತು, ಪಲ್ಟಿ ಹೊಡೆಯಿತು, ಕಡ್ಡಿಯ ಮೇಲೆ ನಿಂತು ತಿರುಗಿತು! ಫಿಸಿಕ್ಸ್ ಓದುವ ಅಣ್ಣನ ಮಗಳು, "ಇದು ಹಳೇದು ಚಿಕ್ಕಪ್ಪ" ಅಂತ ಒಂದು ಫೋಟೋ ತೋರಿಸಿದಳು. ನೀಲ್ಸ್ ಬೋರ್, ಪೌಲಿ ಅನ್ನುವ ದೊಡ್ಡ ವಿಜ್ಞಾನಿಗಳಿಬ್ಬರು ಇಂಥದ್ದೇ ಬುಗುರಿಯನ್ನು ಬಗ್ಗಿ ನೋಡುತ್ತಿದ್ದಾರೆ. ಇರಲಿ ಬಿಡಿ, ನನಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಆಮೇಲೆ ಮಾಡಿದವು ಪಲ್ಟಿ ಹೊಡೆಯಲೇ ಇಲ್ಲ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಮೊದಲಿನದಕ್ಕೆ ನಾನು ಪಾಲಿಶ್ ಮಾಡಿರಲಿಲ್ಲ, ಇವಕ್ಕೆಲ್ಲ ತಾಳೆಗರಿ ಹಿಡಿದು ಹೊಳಪು ಕೊಟ್ಟಿದ್ದೆ. ತಳ ಮೇಜಿಗೆ ಉಜ್ಜಿದರೆ ತಾನೇ ಬುಗುರಿ ಮಗುಚುವುದು? ನುಣುಪಾದರೆ ಜಾರುತ್ತಾ ನಿಂತಲ್ಲೇ ಸುತ್ತುತ್ತದೆ. ಈಗ ಹೊಳಪು ಮೇಲ್ಭಾಗಕ್ಕೆ ಮಾತ್ರ. ಭಾರ ಗುಂಡಿನ ನಡುವಿಗಿಂತ ಸ್ವಲ್ಪ ಕೆಳಗೆ ಕೂರಬೇಕು. ಅದಕ್ಕೆ ಎಷ್ಟು ಆಳ ಕೊರೆಯಬೇಕು ಅನ್ನುವುದು ನನ್ನ ಅನ್ನ, ಹೇಳುವುದಿಲ್ಲ.

ಮಾಮೂಲಿ ಬುಗುರಿಗೆ ನನಗೆ ಸಿಗುವ ಕೂಲಿ 10 ರೂಪಾಯಿ ಆಸುಪಾಸು. ಇದನ್ನು ನಾನೇ 120ಕ್ಕೆ ಮಾರುತ್ತೇನೆ. ಅಂಗಡಿಯವರೊಬ್ಬರು 500 ಬುಗುರಿ ಕೇಳಿದರು, ದರ 60ಕ್ಕೆ ಇಳಿಸಿ ಅಂದರು. ಒಪ್ಪಲಿಲ್ಲ. ತಿಂಗಳು ಬಿಟ್ಟು ಬಂದು 95ರಂತೆ 200 ತಗೊಂಡು ಹೋದರು, ಅರ್ಧ ದುಡ್ಡು ಮುಂಗಡ.